ಭರತಕ್ಕೊಂದು ಕೆರೆ, ಇಳಿತಕ್ಕೊಂದು ಕೆಸರು

ಮುಂಬೈಯನ್ನು ನವಿ ಮುಂಬೈಗೆ ಜೋಡಿಸುವ ಐರೋಳಿ ಸೇತುವೆಯ ಮೇಲೆ ಸಂಜೆ ಬಸ್ಸು ನಿಧಾನವಾಯಿತೆಂದರೆ ಕಿಟಕಿ ಬದಿಯವರ ಕಣ್ಣು ತಾನಾಗಿ ಹೊರಗೆ ಹೋಗುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ನೀರು ಇಳಿದ ಹೊತ್ತಿನಲ್ಲಿ, ಸಮುದ್ರ ಒಳಚಾಚಿದ ಠಾಣೆ ಖಾಡಿಯ ಕಪ್ಪು ಕೆಸರಿನ ಮೇಲೆ ದೂರದಲ್ಲೊಂದು ಗುಲಾಬಿ ಗೆರೆ ಕಾಣುತ್ತದೆ. ಅವು ರಾಜಹಂಸಗಳು. ಮರಾಠಿಗರು ರೋಹಿತ ಎನ್ನುತ್ತಾರೆ, ಉಳಿದವರಿಗೆಲ್ಲ ಫ್ಲೆಮಿಂಗೊ.

ನೆರೂಳಿನಲ್ಲಿ ಹೋಟೆಲು ನಡೆಸುವ ಕುಂದಾಪುರ ಕಡೆಯ ಹಿರಿಯರೊಬ್ಬರು ಒಂದು ಬೆಳಿಗ್ಗೆ ಗಲ್ಲೆಯಲ್ಲಿ ಕೂತೇ ಕೇಳಿದರು, "ಇವೆಲ್ಲ ಸೈಬೀರಿಯಾದಿಂದ ಬಪ್ಪುದಲ್ದಾ ಮಾರಾಯ್ರೆ?"

"ಅಲ್ಲ, ಇವು ಹೆಚ್ಚಾಗಿ ಗುಜರಾತಿನ ಕಚ್ಛದ ಕಡೆಯಿಂದ ಬರುವವು. ಸಂಜೆ ಹೊರಟರೆ ಬೆಳಗಾಗುವಷ್ಟರಲ್ಲಿ ಇಲ್ಲಿರಬಹುದು" ಎಂದೆ.

"ಹಂಗಾರೆ ನಾವು ಊರಿಗ್ ಹೋಪ ರಾತ್ರಿ ಬಸ್ಸಿನ್ ಲೆಕ್ಕವೇ ಆಯ್ತಲ್ದಾ" ಎಂದರು.

ಅಷ್ಟು ಸರಿಯಾದ ಹೋಲಿಕೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಕಚ್ಛದ ಸಣ್ಣ ರಣ ಎಂಬ ಉಪ್ಪುಬಯಲಿನಿಂದ ಮುಂಬೈಗೆ ಆಕಾಶದ ದಾರಿಯಲ್ಲಿ ಸುಮಾರು 500 ಕಿಲೋಮೀಟರ್. ರಾಜಹಂಸಗಳು ದೂರದ ಪ್ರಯಾಣವನ್ನು ರಾತ್ರಿಯಲ್ಲೇ ಮಾಡುತ್ತವೆ, ಗಂಟೆಗೆ 50-60 ಕಿಲೋಮೀಟರ್ ವೇಗದಲ್ಲಿ ಹಾರುತ್ತವೆ. ಲೆಕ್ಕ ಹಾಕಿ ನೋಡಿ, ಮುಂಬೈಯಿಂದ ಕುಂದಾಪುರಕ್ಕೆ ಹೋಗುವ ಬಸ್ಸಿಗಿಂತ ಬೇಗವೇ ತಲುಪುತ್ತವೆ.

ಸೈಬೀರಿಯಾದ ಮಾತು ಪೂರ್ತಿ ಸುಳ್ಳೂ ಅಲ್ಲ. ಅದೇ ಕೆಸರಿನಲ್ಲಿ, ರಾಜಹಂಸದ ಕಾಲುಗಳ ನಡುವೆ, ಇಲಿಮರಿಯಂತೆ ಓಡಾಡುವ ಕಂದುಬಣ್ಣದ ಪುಟ್ಟ ಹಕ್ಕಿಗಳಿವೆ. ಆರ್ಕ್ಟಿಕ್ ವೃತ್ತದ ಆಚೆಯಿಂದ ಬಂದವು ಅವು. ನಾವು ಗುಲಾಬಿ ಬಣ್ಣಕ್ಕೆ ಮನಸೋತು ನಿಲ್ಲುತ್ತೇವೆ, ದೊಡ್ಡ ಪ್ರಯಾಣ ಮಾಡಿದವರನ್ನು ಗಮನಿಸುವುದೇ ಇಲ್ಲ. ಹಾಗಾಗಿ ವಲಸೆ ಎಂದರೆ ಏನು ಎಂಬುದನ್ನು ಈ ಎರಡು ಬಗೆಯ ಹಕ್ಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ಹೇಳುತ್ತೇನೆ.

ಮೊದಲು ರಾಜಹಂಸ. ಮಳೆಗಾಲದಲ್ಲಿ ಕಚ್ಛದ ರಣಕ್ಕೆ ಮಳೆನೀರೂ ಸಮುದ್ರದ ನೀರೂ ಸೇರಿ ನುಗ್ಗುತ್ತವೆ. ಮೈಲುಗಟ್ಟಲೆ ಉಪ್ಪುನೆಲದ ಮೇಲೆ ಮೊಣಕಾಲುದ್ದಕ್ಕಿಂತ ಕಡಿಮೆ ಆಳದ ನೀರು ಹರಡಿ ನಿಲ್ಲುತ್ತದೆ. ಆ ನೀರಿನ ನಡುವೆ ಹಕ್ಕಿಗಳು ಕೆಸರನ್ನು ಕೊಕ್ಕಿನಲ್ಲಿ ಎತ್ತಿ ಎತ್ತಿ ಬೋರಲು ಹಾಕಿದ ಗಡಿಗೆಯಂಥ ದಿಬ್ಬ ಕಟ್ಟಿ, ಅದರ ನೆತ್ತಿಯ ಕುಳಿಯಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತವೆ. ಸುತ್ತ ನೀರಿರುವವರೆಗೆ ನರಿ, ನಾಯಿ ಹತ್ತಿರ ಸುಳಿಯುವುದಿಲ್ಲ. ಮುಂಬೈಯವರೇ ಆದ ಪಕ್ಷಿತಜ್ಞ ಸಲೀಂ ಅಲಿ 1945ರಲ್ಲಿ ದೊಡ್ಡ ರಣದ ಈ 'ಫ್ಲೆಮಿಂಗೊ ನಗರ'ಕ್ಕೆ ಹೋಗಿ ಗೂಡುಗಳನ್ನು ಕಂಡು ವಿವರವಾಗಿ ಬರೆದಿಟ್ಟರು. ಮಳೆ ನಿಂತ ಮೇಲೆ ರಣ ಒಣಗುತ್ತ ಬರುತ್ತದೆ, ನೀರಿನ ಜೊತೆ ಆಹಾರವೂ ಹೋಗುತ್ತದೆ. ಆಗ ಹಕ್ಕಿಗಳು ಚದುರುತ್ತವೆ. ಅದರಲ್ಲೊಂದು ಪಾಲು ನಮ್ಮ ಖಾಡಿಗೆ. ಗುಜರಾತಿನಲ್ಲಿ ಮಳೆ ಎಳೆದ ವರ್ಷ ಇಲ್ಲಿಗೆ ತಡವಾಗಿ ಬರುತ್ತವೆ. ಇಲ್ಲಿ ಮೊದಲ ಮಳೆ ಬೀಳುವ ಹೊತ್ತಿಗೆ ಹೆಚ್ಚಿನವು ಹೊರಟು ಹೋಗಿರುತ್ತವೆ. ಇವುಗಳ ಪಂಚಾಂಗ ಮಳೆಯ ಪಂಚಾಂಗ.

ಪುಟ್ಟ ಹಕ್ಕಿಗಳದ್ದು ಬೇರೆ. ಲಿಟ್ಲ್ ಸ್ಟಿಂಟ್ ಎಂಬುದೊಂದಿದೆ. ತೂಕ ಸಾಮಾನ್ಯವಾಗಿ ಮೂವತ್ತು ಗ್ರಾಂ ಒಳಗೆ, ಒಂದು ನಿಂಬೆಹಣ್ಣಿಗಿಂತ ಹಗುರ. ಜೂನ್-ಜುಲೈಯಲ್ಲಿ ಆರ್ಕ್ಟಿಕ್ ತಂಡ್ರಾದಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಸೊಳ್ಳೆ-ನೊಣಗಳು ಮೋಡದಂತೆ ಏಳುತ್ತವೆ. ಮರಿ ಸಾಕಲು ಅದಕ್ಕಿಂತ ಒಳ್ಳೆಯ ಅಡುಗೆಮನೆ ಇಲ್ಲ. ಎರಡು ತಿಂಗಳಲ್ಲಿ ಅಲ್ಲಿನ ಬಾಗಿಲು ಮುಚ್ಚುತ್ತದೆ, ನೆಲ ಹೆಪ್ಪುಗಟ್ಟುತ್ತದೆ. ಆಗಸ್ಟ್-ಸೆಪ್ಟೆಂಬರಿಗೆಲ್ಲ ಇವು ನಮ್ಮ ಕೆಸರಿಗೆ ಇಳಿದಿರುತ್ತವೆ. ಇದರ ಜೊತೆಗಾರ, ಕೊಕ್ಕು ತುದಿಯಲ್ಲಿ ಕೆಳಗೆ ಬಾಗಿದ ಕರ್ಲ್ಯೂ ಸ್ಯಾಂಡ್‌ಪೈಪರ್, ಅದೂ ಸೈಬೀರಿಯಾದ ತಂಡ್ರಾದ್ದೇ. ಅದರಲ್ಲಿ ಗಂಡುಗಳು ಮೊದಲು ಹೊರಡುತ್ತವೆ, ಆಮೇಲೆ ಹೆಣ್ಣುಗಳು. ಆ ಬೇಸಿಗೆಯಲ್ಲಿ ಹುಟ್ಟಿದ ಮರಿಗಳು ಕೆಲವು ವಾರ ತಡೆದು, ಹಿರಿಯರಿಲ್ಲದೆ, ಕಂಡೇ ಇಲ್ಲದ ದಾರಿಯಲ್ಲಿ ಹೊರಟು ಸಾವಿರಾರು ಕಿಲೋಮೀಟರ್ ಹಾರಿ ಇಲ್ಲಿಗೆ ಬರುತ್ತವೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ದಾರಿಯನ್ನು ಯಾರೂ ಕಲಿಸಿಲ್ಲ, ದಿಕ್ಕೂ ದೂರವೂ ಮೈಯಲ್ಲೇ ಇದೆ.

ಹಕ್ಕಿಗಳು ಚಳಿಗೆ ಹೆದರಿ ಬರುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಚಳಿಗಿಂತ ಹಸಿವು ಮುಖ್ಯ ಕಾರಣ. ಗರಿಯ ಹೊದಿಕೆ ಇರುವ ಪ್ರಾಣಿಗೆ ಹೊಟ್ಟೆ ತುಂಬಿದ್ದರೆ ಚಳಿ ಸಹಿಸಬಹುದು. ಆದರೆ ಕೆಸರೇ ಕಲ್ಲಾದರೆ ಕೊಕ್ಕು ಎಲ್ಲಿ ಚುಚ್ಚುವುದು? ಹಸಿವಾದ ಮೇಲೆ ಹೊರಡೋಣವೆಂದರೆ ಅಷ್ಟರಲ್ಲಿ ಹಾರುವ ತ್ರಾಣ ಇರುವುದಿಲ್ಲ. ಅದಕ್ಕೆ ಇವು ಹಗಲಿನ ಉದ್ದವನ್ನು ಅಳೆಯುತ್ತವೆ. ಹಕ್ಕಿಯ ಮಿದುಳಿನ ಒಳಗೇ ಬೆಳಕು ಗ್ರಹಿಸುವ ಕೋಶಗಳಿವೆ, ತಲೆಬುರುಡೆಯನ್ನು ದಾಟಿ ಬರುವ ಮಂದ ಬೆಳಕು ಅವಕ್ಕೆ ಸಾಕು. ಹಗಲು ಕುಗ್ಗಿದಂತೆ ಅಥವಾ ಹಿಗ್ಗಿದಂತೆ ಹಾರ್ಮೋನುಗಳು ಬದಲಾಗುತ್ತವೆ, ಹಕ್ಕಿ ವಿಪರೀತ ತಿನ್ನತೊಡಗುತ್ತದೆ, ಚರ್ಮದಡಿ ಕೊಬ್ಬು ಸೇರುತ್ತದೆ. ದೂರದ ಹಾರಾಟಕ್ಕೆ ಆ ಕೊಬ್ಬೇ ಇಂಧನ. ತಡೆಯಿಲ್ಲದೆ ಸಮುದ್ರ ದಾಟುವ ಕೆಲವು ಗೊರವಗಳು, ಅಂದರೆ ಕೆಸರಿನಲ್ಲಿ ಮೇಯುವ ದಂಡೆಹಕ್ಕಿಗಳು, ಹೊರಡುವ ಮುನ್ನ ಹೊಟ್ಟೆ-ಕರುಳನ್ನೇ ಕುಗ್ಗಿಸಿಕೊಂಡು ಭಾರ ಇಳಿಸುತ್ತವೆ. ನಮ್ಮ ಕರಾವಳಿಗೂ ಅಷ್ಟಿಷ್ಟು ಬರುವ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ಗೊರವ ಆ ಪೈಕಿಯದು. ಅದರ ಒಂದು ಮರಿ 2022ರಲ್ಲಿ ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಸುಮಾರು 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ, ಎಲ್ಲೂ ಇಳಿಯದೆ, ಹಾರಿತು. ಬೆನ್ನಿಗೆ ಕಟ್ಟಿದ್ದ ಸಣ್ಣ ಯಂತ್ರದಿಂದ ಅದು ತಿಳಿಯಿತು.

ದಾರಿ ಹಿಡಿಯುವುದಕ್ಕೆ ಸೂರ್ಯ, ನಕ್ಷತ್ರ, ಭೂಮಿಯ ಕಾಂತಶಕ್ತಿ ಮೂರೂ ನೆರವಿಗೆ ಬರುತ್ತವೆ. ಒಂದು ಮೋಡದಲ್ಲಿ ಮರೆಯಾದರೆ ಇನ್ನೊಂದು. ಕಾಂತಶಕ್ತಿಯನ್ನು ಕಣ್ಣಿನೊಳಗಿನ ಒಂದು ಪ್ರೋಟೀನಿನ ಮೂಲಕ 'ನೋಡುತ್ತವೆ' ಎಂಬುದು ಇವತ್ತು ವಿಜ್ಞಾನಿಗಳು ಹೆಚ್ಚು ನಂಬುವ ಊಹೆ. ರಾತ್ರಿ ಹಾರುವವಕ್ಕೆ ನಗರದ ಬೆಳಕು ಎಷ್ಟು ಕಾಟ ಎಂಬುದು ಇದರಿಂದಲೇ ಅರ್ಥವಾಗುತ್ತದೆ.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ಆ ಕತೆಯಲ್ಲಿ ಮಲೆನಾಡಿಗೂ ಒಂದು ಪಾತ್ರವಿದೆ. ಮುಂಬೈ ಕನ್ನಡಿಗರಿಗೂ ಅದು ಅಷ್ಟಾಗಿ ಗೊತ್ತಿಲ್ಲದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಕಾಡಿಗೆ ಹೋಗಿಬರುವ ಜನಕ್ಕೆ ಭಾರೀ ಜ್ವರ ಬಂತು. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದಾಗ ಆ ವೈರಸ್ಸು ರಷ್ಯಾದಲ್ಲಿ ಉಣ್ಣೆಗಳಿಂದ (ರಕ್ತ ಹೀರುವ ಉಣುಗುಗಳಿಂದ) ಹರಡುವ ಜ್ವರದ ವೈರಸ್ಸಿಗೆ ಹತ್ತಿರದ ನಂಟು ಎಂದು ಕಂಡಿತು. ಹಾಗಾದರೆ ರಷ್ಯಾದಿಂದ ಸೊರಬಕ್ಕೆ ಉಣ್ಣೆಯನ್ನು ಹೊತ್ತು ತಂದವರು ಯಾರು? ವಲಸೆ ಹಕ್ಕಿಗಳೇ ಇರಬಹುದೆ? ಆ ಅನುಮಾನದ ಬೆನ್ನು ಹತ್ತಿ ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. 1959ರಿಂದ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಡುವ ಕೆಲಸವನ್ನು ದೊಡ್ಡದಾಗಿ ಶುರುಮಾಡಿತು. ಉಂಗುರದ ಹಕ್ಕಿ ದೂರದ ದೇಶದಲ್ಲಿ ಯಾರ ಕೈಗಾದರೂ ಸಿಕ್ಕಿ ಅವರು ತಿಳಿಸಿದರೆ ದಾರಿಯ ಎರಡು ತುದಿ ಸಿಕ್ಕಂತೆ. ಹಕ್ಕಿ ತಂದಿತೆಂಬ ಅನುಮಾನ ಕೊನೆಗೆ ನಿಲ್ಲಲಿಲ್ಲ. ವೈರಸ್ಸು ಆ ಕಾಡಿನದೇ, ಅಲ್ಲಿನ ಉಣ್ಣೆಗಳಲ್ಲೇ ಉಳಿದುಕೊಂಡು ಬಂದದ್ದು. ಆದರೆ ಆ ನೆಪದಲ್ಲಿ ಸಾವಿರಾರು ಹಕ್ಕಿಗಳಿಗೆ ಉಂಗುರ ಬಿತ್ತು, ಭಾರತಕ್ಕೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂಬ ತಿಳಿವಳಿಕೆಗೆ ಗಟ್ಟಿ ಅಡಿಪಾಯ ಬಿತ್ತು.

ಈಗ ಉಂಗುರದ ಜೊತೆಗೆ ಸೌರಶಕ್ತಿಯ ಜಿಪಿಎಸ್ ಟ್ಯಾಗ್ ಇದೆ. 2022ರಲ್ಲಿ ಅದೇ ಸೊಸೈಟಿ ಇಲ್ಲಿನ ಆರು ರಾಜಹಂಸಗಳಿಗೆ ಟ್ಯಾಗ್ ಕಟ್ಟಿ, ಕೆಲವಕ್ಕೆ ಹಳೆಯ ಪಕ್ಷಿತಜ್ಞರ ಹೆಸರಿಟ್ಟಿತು. ಅದರಲ್ಲೊಂದು 'ಹುಮಾಯೂನ್'. ಅದು ಗುಜರಾತಿಗೆ ಹೋಗಿ, ಮಳೆಗಾಲ ಕಳೆದು, ಮತ್ತೆ ಇದೇ ಖಾಡಿಗೆ ಬಂತು. ಮರಳಿ ಬರುವ ಜಾಗ ಹಕ್ಕಿಗೆ ನೆನಪಿರುತ್ತದೆ ಎಂಬುದಕ್ಕೆ ಇನ್ನೇನು ಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ವರ್ಷದ ಲೆಕ್ಕ. ಖಾಡಿಗೆ ಬಂದಿಳಿದ ಮೇಲೆ ಹಕ್ಕಿಯ ದಿನಚರಿ ನಡೆಯುವುದು ಚಂದ್ರನ ಲೆಕ್ಕದಲ್ಲಿ.

ನಾನು ಹುಟ್ಟಿದ್ದು ಅಘನಾಶಿನಿ ದಂಡೆಯ ಊರಿನಲ್ಲಿ. ಭರತ-ಇಳಿತ ನಮಗೆ ಗಡಿಯಾರಕ್ಕಿಂತ ಮೊದಲು ಗೊತ್ತು. ದಿನಕ್ಕೆ ಎರಡು ಭರತ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ-ಅಮಾವಾಸ್ಯೆಗೆ ದೊಡ್ಡ ಭರತ, ಅಷ್ಟಮಿಯ ಹೊತ್ತಿಗೆ ಸಣ್ಣದು. ಮುಂಬೈಯಲ್ಲಿ ದೊಡ್ಡ ಭರತ ನಾಲ್ಕೂವರೆ ಮೀಟರ್ ದಾಟುತ್ತದೆ. ಇಳಿತದಲ್ಲಿ ಶಿವಡಿಯಿಂದ ಐರೋಳಿಯವರೆಗೆ ಖಾಡಿಯ ಎರಡೂ ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮುಂದೆ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಅದೇ ಊಟದ ಎಲೆ.

ಶಿವಡಿಯ ಹಳೆಯ ಜೆಟ್ಟಿಯಲ್ಲಿ ದುರ್ಬೀನು ಹಿಡಿದು ಒಂದೇ ಹಕ್ಕಿಯನ್ನು ಹತ್ತು ನಿಮಿಷ ನೋಡಿ. ಕತ್ತನ್ನು ಪೂರ್ತಿ ಬಗ್ಗಿಸಿ ತಲೆಯನ್ನು ತಲೆಕೆಳಗು ಮಾಡುತ್ತದೆ, ಮೇಲಿನ ಕೊಕ್ಕು ಕೆಳಗೆ, ಕೆಳಗಿನದು ಮೇಲೆ. ನಾಲಿಗೆ ಪಿಚಕಾರಿಯ ದಂಡದಂತೆ ಹಿಂದೆ ಮುಂದೆ ಆಡುತ್ತ ಕೆಸರುನೀರನ್ನು ಒಳಗೆಳೆದು ಹೊರಗೆ ದೂಡುತ್ತದೆ, ಕೊಕ್ಕಿನ ಅಂಚಿನ ಬಾಚಣಿಗೆಯಂಥ ಹಲ್ಲುಗಳಲ್ಲಿ ತಿನ್ನುವ ವಸ್ತು ಉಳಿಯುತ್ತದೆ. ಸಣ್ಣ ರಾಜಹಂಸದ ಬಾಚಣಿಗೆ ಬಹಳ ನಯ, ಕಣ್ಣಿಗೆ ಕಾಣದ ಹಾವಸೆಯನ್ನೂ ಸೋಸುತ್ತದೆ. ದೊಡ್ಡ ರಾಜಹಂಸದ್ದು ಒರಟು, ಅದು ಸಿಗಡಿಯಂಥ ಪುಟ್ಟ ಜೀವಿಗಳನ್ನು, ಹುಳಗಳನ್ನು ಹುಡುಕುತ್ತದೆ. ಹೀಗಾಗಿ ಎರಡೂ ಒಂದೇ ಪಂಕ್ತಿಯಲ್ಲಿ ಕೂತರೂ ಜಗಳವಿಲ್ಲ. ಗುರುತಿಸುವುದು ಸುಲಭ. ಎತ್ತರವಾಗಿದ್ದು, ಮೈ ಹೆಚ್ಚುಕಡಿಮೆ ಬಿಳಿ, ಗುಲಾಬಿ ಕೊಕ್ಕಿನ ತುದಿ ಮಾತ್ರ ಕಪ್ಪು ಇದ್ದರೆ ದೊಡ್ಡದು. ಗಿಡ್ಡವಾಗಿದ್ದು, ಮೈ ಗಾಢ ಗುಲಾಬಿ, ಇಡೀ ಕೊಕ್ಕು ಕಡುಗೆಂಪು ಇದ್ದರೆ ಸಣ್ಣದು. ಮುಂಬೈಯಲ್ಲಿ ಸಣ್ಣದರ ಸಂಖ್ಯೆಯೇ ಹೆಚ್ಚು. ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಮರಿಗಳು ಬೂದು, ಹಾವಸೆಯಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತು ಎರಡು ಮೂರು ವರ್ಷ ಮೈಗೆ ಹತ್ತಿದ ಮೇಲೆ ಗುಲಾಬಿ. ನಡುನಡುವೆ ಬೂದು ಹಕ್ಕಿಗಳು ಕಂಡರೆ ಅವು ಕಾಯಿಲೆಯವಲ್ಲ, ಎಳೆಯವು.

ಖಾಡಿಯಲ್ಲಿ ಹಾವಸೆ ಇಷ್ಟು ಬೆಳೆಯಲು ನಗರದ ಕೊಳಚೆಯೂ ಒಂದು ಕಾರಣ. ಕೊಳಚೆಯಲ್ಲಿರುವ ಸಾರಜನಕ, ರಂಜಕ ಹಾವಸೆಗೆ ಗೊಬ್ಬರ. 1990ರ ದಶಕದಲ್ಲಿ ಶಿವಡಿಯಲ್ಲಿ ಕಾಣತೊಡಗಿದ ರಾಜಹಂಸಗಳು ಈಚಿನ ವರ್ಷಗಳ ಎಣಿಕೆಯಲ್ಲಿ ಲಕ್ಷ ದಾಟಿವೆ. ಹಾಗೆಂದು ಕೊಳಚೆ ಒಳ್ಳೆಯದೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯ ಸೀಸ, ಪಾದರಸಗಳೂ ಅದೇ ನೀರಿನಲ್ಲಿ ಬರುತ್ತವೆ, ಅದೇ ಕೊಕ್ಕಿನಲ್ಲಿ ಒಳಗೆ ಹೋಗುತ್ತವೆ.

2015ರಲ್ಲಿ ಸರ್ಕಾರ ಖಾಡಿಯ ಸುಮಾರು 1,690 ಹೆಕ್ಟೇರನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿತು, 2022ರಲ್ಲಿ ಠಾಣೆ ಖಾಡಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಊಟದ ಎಲೆ ಉಳಿಯಿತು, ಸಂತೋಷ. ಆದರೆ ಭರತ ಬಂದಾಗ? ಕೆಸರೆಲ್ಲ ಮುಳುಗಿ, ಸಣ್ಣ ರಾಜಹಂಸದ ಎತ್ತರವನ್ನೂ ಮೀರಿ ನೀರು ನಿಲ್ಲುತ್ತದೆ. ಗೇಣುದ್ದವೂ ಇಲ್ಲದ ಲಿಟ್ಲ್ ಸ್ಟಿಂಟಿನ ಪಾಡಂತೂ ಕೇಳುವುದೇ ಬೇಡ. ಮತ್ತೆ ಇಳಿತವಾಗುವವರೆಗೆ ಐದಾರು ತಾಸು ಇವು ಎಲ್ಲಿ ನಿಲ್ಲಬೇಕು?

ಅದಕ್ಕೆ ದಂಡೆಯ ಒಳಗಿನ ಆಳವಿಲ್ಲದ ಕೆರೆಗಳು ಬೇಕು. ನೆರೂಳಿನ ಡಿಪಿಎಸ್ ಕೆರೆ, ಪಕ್ಕದ ಎನ್‌ಆರ್‌ಐ ಜೌಗು, ಭಾಂಡುಪ್ ಪಂಪಿಂಗ್ ಸ್ಟೇಷನ್ನಿನ ಹೊಂಡಗಳು, ಉರಣದ ಪಾಂಜೆ. ಭರತದ ಹೊತ್ತಿನಲ್ಲಿ ಹಕ್ಕಿಗಳು ಅಲ್ಲಿಗೆ ಹಾರಿ ಬಂದು ಒಂಟಿಕಾಲಲ್ಲಿ ನಿಂತು ನಿದ್ದೆ ಮಾಡುತ್ತವೆ. ಇಳಿತ ಶುರುವಾದೊಡನೆ ಮತ್ತೆ ಖಾಡಿಗೆ. ನಮ್ಮೂರಲ್ಲಿ ಉಪ್ಪುನೀರಿನ ದಂಡೆಯ ಗಜನಿ ಗದ್ದೆಗೆ ಹಲಗೆ ಬಾಗಿಲು ಇರುತ್ತದೆ. ಉಪ್ಪುನೀರು ಎಷ್ಟು ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಎಂಬುದೆಲ್ಲ ಆ ಬಾಗಿಲಿನ ಕೈಯಲ್ಲಿ. ಈ ಕೆರೆಗಳದ್ದೂ ಅದೇ ಜೀವ. ಖಾಡಿಯ ನೀರು ಬಂದು ಹೋಗುವ ಕಾಲುವೆ ಇದ್ದರೆ ಕೆರೆ, ಮುಚ್ಚಿದರೆ ಒಣಗಿದ ಮೈದಾನ ಅಥವಾ ಪಾಚಿಗಟ್ಟಿದ ಹೊಂಡ. 2024ರಲ್ಲಿ ಡಿಪಿಎಸ್ ಕೆರೆಗೆ ನೀರು ಬರುವ ದಾರಿ ಕಟ್ಟಿಹೋಗಿತ್ತು. ನೀರಿಲ್ಲದ ಕೆರೆಯ ಸುತ್ತ ದಿಕ್ಕುಗೆಟ್ಟ ಹಕ್ಕಿಗಳು ಸತ್ತುಬಿದ್ದ ಸುದ್ದಿ ಮತ್ತೆ ಮತ್ತೆ ಬಂತು. ಅದೇ ವರ್ಷ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ಇಳಿಯುತ್ತಿದ್ದ ವಿಮಾನಕ್ಕೆ ಒಂದು ಹಿಂಡು ಸಿಕ್ಕಿ 39 ರಾಜಹಂಸಗಳು ಸತ್ತವು.

ಹಕ್ಕಿಗಳಿಂದ ವಿಮಾನಕ್ಕೆ ಅಪಾಯ, ಅದಕ್ಕೆ ಜೌಗುಗಳನ್ನು ಮುಚ್ಚಿಬಿಡಿ ಎನ್ನುವವರಿದ್ದಾರೆ. ನವಿ ಮುಂಬೈಯಲ್ಲಿ ಹೊಸ ವಿಮಾನ ನಿಲ್ದಾಣ ಬಂದ ಮೇಲೆ ಈ ಮಾತು ಹೆಚ್ಚಾಗಿದೆ. ಭರತ-ಇಳಿತದ ಲೆಕ್ಕ ಗೊತ್ತಿರುವವರು ಹೀಗೆ ಹೇಳಲಾರರು. ಕೆರೆ ಮುಚ್ಚಿದರೆ ಹಕ್ಕಿ ಮಾಯವಾಗುವುದಿಲ್ಲ, ಯಾಕೆಂದರೆ ಕೆಸರು ಅಲ್ಲೇ ಇದೆ, ಊಟ ಅಲ್ಲೇ ಇದೆ. ಭರತ ಬಂದಾಗ ಅವು ಏಳಲೇಬೇಕು, ಕೂರಲು ಜಾಗ ಹುಡುಕುತ್ತ ಇನ್ನಷ್ಟು ಹೊತ್ತು, ಇನ್ನಷ್ಟು ದೂರ ಗಾಳಿಯಲ್ಲೇ ಇರಬೇಕು. ಕೆಸರಿಗೆ ಹತ್ತಿರದ ಕೆರೆಗೆ ತಗ್ಗಾಗಿ ಹಾರಿ ಹೋಗಿ ಕೂತ ಹಕ್ಕಿಯೇ ವಿಮಾನಕ್ಕೂ ಕ್ಷೇಮ. 2025ರ ಏಪ್ರಿಲಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಡಿಪಿಎಸ್ ಕೆರೆಯ ಸುಮಾರು 30 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಕೆರೆಗಳನ್ನು ಖಾಡಿಯ ಭಾಗವೆಂದು ನೋಡುವ ಬುದ್ಧಿಗೆ ಅದು ಆರಂಭ ಎಂದು ನನ್ನ ಆಸೆ.

ಖಾಡಿಯವರೆಗೆ ಹೋಗಲಾಗದವರಿಗೂ ವಲಸೆ ಹಕ್ಕಿ ಕಾಣುತ್ತದೆ. ಸೆಪ್ಟೆಂಬರ್ ಮುಗಿಯುವಾಗ ಹೌಸಿಂಗ್ ಸೊಸೈಟಿಯ ಟೆರೇಸಿನಲ್ಲಿ ಬಾಲ ಕುಣಿಸುತ್ತ ಓಡುವ ಬೂದು ಸಿಪಿಲೆ ಹಿಮಾಲಯ ಅಥವಾ ಅದರಾಚೆಯದು. ಫೆಬ್ರವರಿಯಲ್ಲಿ ಬೂರುಗ, ಹಾಲುವಾಣದ ಮರ ಹೂಬಿಟ್ಟಾಗ ಕಚಪಚ ಗದ್ದಲ ಎಬ್ಬಿಸುವ ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯಾದ ಹುಲ್ಲುಗಾವಲಿನವು, ಅಲ್ಲಿ ಮಿಡತೆ ತಿಂದು ಮರಿ ಸಾಕುತ್ತವೆ. ಚಳಿಗಾಲದ ಕಡಲಕ್ಕಿಗಳಿಗೆ ಜನ ಸೇವು, ಗಾಠಿಯಾ ಎಸೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮೀನು ತಿಂದು ಕೊಬ್ಬು ಕೂಡಿಸಿಕೊಳ್ಳಬೇಕಾದ ಹಕ್ಕಿಗೆ ಕರಿದ ಹಿಟ್ಟು ದಾರಿಯ ಬುತ್ತಿಯಾಗದು. ಪುಣೆಯವರಿಗೆ ಭಿಗ್ವಣವಿದೆ, ಭೀಮಾ ನದಿಯ ಉಜನಿ ಹಿನ್ನೀರು. ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನು ದಾಟಿ ಬಂದದ್ದು, 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಕಾಣುವುದೂ ಇದೇ ಹೆಬ್ಬಾತು.

ರಾಜಹಂಸ ನೋಡಲು ಹೋಗುವವರು ಭರತದ ವೇಳೆ ನೋಡಿಕೊಂಡು ಹೊರಡಿ. ಪೂರ್ತಿ ಇಳಿತದಲ್ಲಿ ಹೋದರೆ ಹಕ್ಕಿಗಳು ಒಂದು ಮೈಲಿ ಆಚೆ, ಪೂರ್ತಿ ಭರತದಲ್ಲಿ ಹೋದರೆ ಬರೀ ನೀರು. ಭರತಕ್ಕೆ ಎರಡು ತಾಸು ಮೊದಲು ಜೆಟ್ಟಿಯಲ್ಲಿದ್ದರೆ ಏರುವ ನೀರೇ ಅವನ್ನು ನಿಮ್ಮ ಕಡೆಗೆ ತರುತ್ತದೆ. ಹುಣ್ಣಿಮೆ-ಅಮಾವಾಸ್ಯೆಯ ದಿನ ಮುಂಬೈಯಲ್ಲಿ ಭರತ ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಅಂದರೆ ಬೆಳಿಗ್ಗೆ ಹತ್ತಕ್ಕೆ ಅಲ್ಲಿರಿ. ಮೂರು ದಿನ ಕಳೆದು ಹೋಗುವುದಾದರೆ ಎರಡೂವರೆ ತಾಸು ಕೂಡಿಸಿಕೊಳ್ಳಿ. ನೆರೂಳಿನ ಕೆರೆಗೆ ಇದರ ತಿರುಗಾಮುರುಗಾ, ಅಲ್ಲಿಗೆ ಭರತದ ಹೊತ್ತಿಗೇ ಹೋಗಬೇಕು.

ಮೇ ಕೊನೆಯಲ್ಲಿ ಕೆರೆಯ ಗುಂಪು ದಿನದಿಂದ ದಿನಕ್ಕೆ ತೆಳುವಾಗುತ್ತದೆ. ಮೋಡ ಕಟ್ಟಿದ ಒಂದು ಸಂಜೆ ಉಳಿದವು ಎದ್ದು, ಎರಡು ಸುತ್ತು ಹಾಕಿ, ಬಾತಿನಂತೆ ಗೊಗ್ಗರು ದನಿಯಲ್ಲಿ ಒಂದನ್ನೊಂದು ಕೂಗುತ್ತ ಉತ್ತರಕ್ಕೆ ತಿರುಗುತ್ತವೆ. ಹೆಚ್ಚುಕಡಿಮೆ ಅದೇ ಹದಿನೈದು ದಿನಗಳಲ್ಲಿ ಆಫ್ರಿಕಾದ ಕಡೆಯಿಂದ ಅರಬ್ಬಿ ಸಮುದ್ರ ದಾಟಿ ಚಾತಕ ಬರುತ್ತದೆ. ತಲೆಯ ಮೇಲೆ ಕಪ್ಪು ಜುಟ್ಟು, ಬಿಳಿ ಹೊಟ್ಟೆ. ಕೆರೆಯಂಚಿನ ವಿದ್ಯುತ್ ತಂತಿಯ ಮೇಲೆ ಕೂತು ಪಿಯೂ, ಪಿಯೂ ಎಂದು ಕೂಗತೊಡಗುತ್ತದೆ.